ಸಹಾಯ ಬೇಕು: ನೌಕರಿಯ ಜೊತೆಗೆ ಮಗಳಿಗೆ ಮನೆಯಲ್ಲೇ ಕ್ರೈಸ್ತ ಶಿಕ್ಷಣ

ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರಿಗೆ ವಂದನೆಗಳು. ಹುಬ್ಬಳ್ಳಿಯಲ್ಲಿ ನರ್ಸ್ ಆಗಿರುವ ನಾನು, ನಾಲ್ಕನೆಯ ತರಗತಿಗೆ ಹೋಗಬೇಕಾದ ಮಗಳಿಗೆ ಈ ಜೂನ್‌ನಿಂದ ಮನೆಯಲ್ಲೇ ಕಲಿಸುತ್ತಿದ್ದೇನೆ. ಬೆಳಗಿನ ಪ್ರಾರ್ಥನೆಯಾದ ಮೇಲೆ ಅವಳು ಸತ್ಯವೇದದ ಒಂದು ಭಾಗವನ್ನು ಗಟ್ಟಿಯಾಗಿ ಓದಿ, ಅದರ ನಾಲ್ಕು ಸಾಲುಗಳನ್ನು ನೋಡಿ ಬರೆಯುತ್ತಾಳೆ. ಅದರಿಂದಲೇ ಅವಳ ಒತ್ತಕ್ಷರಗಳು ತಿದ್ದಿಕೊಳ್ಳುತ್ತಿರುವುದು ನನಗೆ ಬಹಳ ಸಂತೋಷ ತಂದಿದೆ. ಆದರೆ ರಾತ್ರಿ ಪಾಳಿ ಮುಗಿಸಿ ಬಂದ ದಿನ ನಾನು ಮಲಗಲೇಬೇಕಾಗುವುದರಿಂದ, ಮತ್ತು ಅವಳನ್ನು ನೋಡಿಕೊಳ್ಳುವ ನಮ್ಮ ಅತ್ತೆಯವರಿಗೆ ಪಾಠ ಹೇಳಿಕೊಡಲು ಆಗದಿರುವುದರಿಂದ, ಗಣಿತ ಹಿಂದೆ ಬೀಳುತ್ತಿದೆ. ಮುಂದೆ ಎನ್‌ಐಒಎಸ್‌ನಲ್ಲಿ (ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಐದನೆಯ ತರಗತಿಗೆ ಸಮಾನವಾದ ‘ಬಿ’ ಹಂತಕ್ಕೆ ಸೇರಿಸಿ, 14 ವರ್ಷ ತುಂಬಿದ ಮೇಲೆ ಅಲ್ಲಿಯೇ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿಸುವ ಯೋಚನೆಯಿದೆ. ಪಾಳಿ ಕೆಲಸ ಮಾಡುತ್ತಲೇ ಮಕ್ಕಳಿಗೆ ಕಲಿಸುತ್ತಿರುವವರು ತಮ್ಮ ವೇಳಾಪಟ್ಟಿಯನ್ನೂ, ಕನ್ನಡದಲ್ಲಿ ಸಿಗುವ ಒಳ್ಳೆಯ ಸಂಡೇ ಸ್ಕೂಲ್ ಪಾಠಪುಸ್ತಕಗಳನ್ನೂ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.