‘ಅಲೋಇಮ್ಯೂನ್’ಗೆ ಏನನ್ನೋಣ?

ಗರ್ಭಿಣಿಯರು ಓದುವ ಮಾಹಿತಿ ಹಾಳೆಯೊಂದಕ್ಕೆ ಪದ ಬೇಕಾಗಿದೆ. ವಿಷಯ, ತಾಯಿಯ ಪ್ರತಿಕಾಯಗಳಿಂದ ಹೊಟ್ಟೆಯಲ್ಲಿರುವ ಮಗುವಿನ ಪ್ಲೇಟ್‌ಲೆಟ್ ಕುಸಿಯುವುದು. ‘ಪ್ಲೇಟ್‌ಲೆಟ್’ ಎಲ್ಲರ ಬಾಯಲ್ಲೂ ಇದೆ, ಅದನ್ನು ಮುಟ್ಟುವುದಿಲ್ಲ. ತೊಡಕು ಅದರ ಹಿಂದೆ ಬರುವ ‘ಅಲೋಇಮ್ಯೂನ್’ ಎಂಬ ವಿಶೇಷಣದ್ದು.

ತಾಯಿಯ ದೇಹ ತನ್ನದೇ ಪ್ಲೇಟ್‌ಲೆಟ್‌ಗಳ ಮೇಲೆ ಬಿದ್ದರೆ ಆಟೋಇಮ್ಯೂನ್. ‘ಸ್ವಪ್ರತಿರಕ್ಷಿತ’ ಅಂದರೆ ನಡೆಯುತ್ತದೆ. ನನ್ನ ವಿಷಯ ಬೇರೆ, ಅಲೋಇಮ್ಯೂನ್; ‘ಅಲೋ’ ಅಂದರೆ ಅದೇ ಪ್ರಾಣಿಜಾತಿಯ ಇನ್ನೊಬ್ಬರದು. ಮಗುವಿನ ಪ್ಲೇಟ್‌ಲೆಟ್ ಮೇಲೆ ತಂದೆಯ ಕಡೆಯಿಂದ ಬಂದ ಗುರುತೊಂದು ಇರುತ್ತದೆ, ಅದು ತಾಯಿಯಲ್ಲಿ ಇರುವುದಿಲ್ಲ. ಯುರೋಪ್ ಮೂಲದವರಲ್ಲಿ ಹೆಚ್ಚಾಗಿ ಈ ತೊಂದರೆ ತರುವುದು ಎಚ್‌ಪಿಎ-1ಎ ಎಂಬ ಗುರುತು. ಆಕೆಯ ಪ್ರತಿಕಾಯ ಮಾಸು ದಾಟಿ ಹೋಗಿ ಅದನ್ನು ಹೊಡೆಯುತ್ತದೆ. ತಾಯಿಯ ಪ್ಲೇಟ್‌ಲೆಟ್ ಎಣಿಕೆ (ಒಂದು ಮೈಕ್ರೋಲೀಟರ್ ರಕ್ತದಲ್ಲಿ) 1,50,000ಕ್ಕಿಂತ ಮೇಲೆ ಸರಿಯಾಗಿಯೇ ಇರುತ್ತದೆ. ಮಗುವಿನದು 50,000ಕ್ಕೂ ಕೆಳಗಿಳಿದು ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಆರ್‌ಎಚ್ ತೊಂದರೆ (ತಾಯಿ ಆರ್‌ಎಚ್ ನೆಗೆಟಿವ್, ಮಗು ಪಾಸಿಟಿವ್ ಆದಾಗಿನದು) ಸಾಮಾನ್ಯವಾಗಿ ಎರಡನೆಯ ಬಸಿರಿಗೆ ಕಾದರೆ, ಇದು ಚೊಚ್ಚಲಲ್ಲೇ ಬರಬಹುದು.

ಬರೀ ‘ಪ್ರತಿರಕ್ಷಾ ಸಂಬಂಧಿ ಕೊರತೆ’ ಎಂದು ಬರೆದರೆ ಓದುವವರು ‘ನನಗೆ ರೋಗನಿರೋಧಕ ಶಕ್ತಿ ಕಡಿಮೆ’ ಅಂದುಕೊಳ್ಳುತ್ತಾರೆ. ಮುಂದಿನ ಬಸಿರಿನಲ್ಲಿ ವಾರವಾರವೂ ತಾಯಿಗೆ ಡ್ರಿಪ್‌ನಲ್ಲಿ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಏರಿಸುತ್ತಾರಲ್ಲ (ಕೆಲವರಿಗೆ ಜೊತೆಗೆ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್), ಅದು ಈ ತಪ್ಪು ಗ್ರಹಿಕೆಯನ್ನು ಇನ್ನೂ ಗಟ್ಟಿ ಮಾಡುತ್ತದೆ. ಔಷಧಿ ತಾಯಿಗೆ, ಕಾಯಿಲೆ ಮಗುವಿಗೆ. ಹೊಕ್ಕುಳಬಳ್ಳಿಗೆ ಸೂಜಿ ಹಾಕಿ ಮಗುವಿನ ಎಣಿಕೆ ನೋಡುವುದನ್ನು ಈಗ ಆದಷ್ಟೂ ತಪ್ಪಿಸುತ್ತಾರೆ, ಆ ಚುಚ್ಚುವಿಕೆಯಿಂದಲೇ ರಕ್ತ ಸೋರುವ ಭಯ.

ಪದಕ್ಕೆ ಬರುತ್ತೇನೆ. ‘ಸ್ವ’ಕ್ಕೆ ಜೋಡಿ ‘ಪರ’, ಆದರೆ ‘ಪರಪ್ರತಿರಕ್ಷಿತ’ ಅಂದರೆ ಪರರಿಂದ ರಕ್ಷಣೆ ಪಡೆದವರು ಎಂದೂ ಓದಬಹುದು. ‘ಅನ್ಯ’ವನ್ನು ಬೇರೆ ಪ್ರಾಣಿಯಿಂದ ಬಂದದ್ದಕ್ಕೆ, ಅಂದರೆ ‘ಜೀನೋ’ಗೆ, ಉಳಿಸಬೇಕು. ‘ಸಜಾತೀಯ’ ಅರ್ಥಕ್ಕೆ ಹತ್ತಿರ. ಆಸ್ಪತ್ರೆಯ ಹಾಳೆಯಲ್ಲಿ ಆ ಪದ ಹಾಕುವ ಧೈರ್ಯ ನನಗಂತೂ ಇಲ್ಲ! ರಕ್ತದ ಗುಂಪಿಗೆ ಜನ ‘ಹೊಂದಲಿಲ್ಲ’ ಅನ್ನುತ್ತಾರೆ. ಹಾಗಾಗಿ ‘ತಾಯಿ–ಮಗುವಿನ ಪ್ಲೇಟ್‌ಲೆಟ್ ಹೊಂದದಿಕೆ’ ಕಡೆಗೆ ಮನಸ್ಸು ವಾಲಿದೆ. ‘ಹೊಂದಾಣಿಕೆ ದೋಷ’ ಬೇಡವೇ ಬೇಡ, ಜಾತಕದ ವಾಸನೆ ಹೊಡೆಯುತ್ತದೆ, ಗಂಡಹೆಂಡಿರಲ್ಲಿ ಒಬ್ಬರ ಮೇಲೆ ತಪ್ಪು ಹೊರಿಸಿದಂತೆಯೂ ಕೇಳುತ್ತದೆ.

‘ಹೊಂದದಿಕೆ’ ಎಂಬ ರೂಪ ನಿಮ್ಮ ಕಿವಿಗೆ ಒಗ್ಗುತ್ತದೆಯೇ, ‘ಹೊಂದದಿರುವಿಕೆ’ಯೇ ಬೇಕೇ? ಅಂಗಕಸಿ ಬಗ್ಗೆ ಬರೆಯುವವರು ‘ಅಲೋ’ಗೆ ಏನು ಬಳಸುತ್ತಿದ್ದೀರಿ, ದಯವಿಟ್ಟು ತಿಳಿಸಿ.