‘ಪರಮಾಣು ರಾಶಿ’ಯಲ್ಲಿ ರಾಶಿ ಎಲ್ಲಿದೆ? (ಜಲಜನಕದ 1, 1.0078, 1.008)

ಒಂದು ಪದ ತಲೆ ತಿನ್ನುತ್ತಿದೆ, ಗೊತ್ತಿದ್ದವರು ಬಿಡಿಸಿ ಹೇಳಿ.

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಮೊನ್ನೆ ಗೈಡ್ ಹಿಡಿದುಕೊಂಡು ಬಂದಳು. "ಮಾವ, ಜಲಜನಕದಲ್ಲಿ ಇರೋದು ಒಂದೇ ಪ್ರೋಟಾನು ಅಲ್ವಾ, ಪರಮಾಣು ರಾಶಿ 1.008 ಅಂತ ಬರೆದಿದ್ದಾರೆ, ಆ 0.008 ಏನು? ನ್ಯೂಟ್ರಾನಿನ ಚೂರಾ?" ಅಂದಳು. ನಕ್ಕುಬಿಟ್ಟೆ. ಆಮೇಲೆ ಗೈಡ್ ನೋಡಿದರೆ ನಗು ನಿಂತಿತು. ಒಂದು ಪುಟದಲ್ಲಿ ಜಲಜನಕದ ಪರಮಾಣು ರಾಶಿ 1. ಅದರ ಕೆಳಗಿನ ಪಟ್ಟಿಯಲ್ಲಿ 1.0078. ಹಿಂದಿನ ರಟ್ಟಿನ ಮೇಲಿನ ಆವರ್ತಕ ಕೋಷ್ಟಕದಲ್ಲಿ 1.008. ಮೂರಕ್ಕೂ ಹೆಸರು ಒಂದೇ.

ಮೂರೂ ಬೇರೆ ಬೇರೆ ಸಂಗತಿ. 1 ಅನ್ನೋದು ಬರೀ ಎಣಿಕೆ, ನಡುವೆ ಕೂತಿರುವ ಪ್ರೋಟಾನು, ನ್ಯೂಟ್ರಾನುಗಳ ಲೆಕ್ಕ. ಸಾಮಾನ್ಯ ಜಲಜನಕಕ್ಕೆ 1, ಒಂದು ನ್ಯೂಟ್ರಾನು ಸೇರಿದ ಜಲಜನಕ ಅಂದರೆ ಡ್ಯುಟೀರಿಯಮ್‌ಗೆ 2, ಎರಡು ನ್ಯೂಟ್ರಾನು ಸೇರಿದ ಟ್ರಿಷಿಯಮ್‌ಗೆ 3. ಎರಡನೆಯದು ಒಂದೊಂದೇ ಪರಮಾಣುವನ್ನು ತೂಗಿದರೆ ಬರುವುದು: 1.007825, 2.014102, 3.016049. ಮೂರನೆಯದು, ಅಂದರೆ 1.008, ಪ್ರಕೃತಿಯಲ್ಲಿ ಸಿಗುವ ಜಲಜನಕದ ಸರಾಸರಿ.

ಇಲ್ಲೇ ಗೈಡಿನವರು ಎಡವಿದ್ದಾರೆ. "ಸಮಸ್ಥಾನಿಗಳ ಸರಾಸರಿ ತೆಗೆಯುವುದರಿಂದ 1.008 ಬರುತ್ತದೆ" ಅಂತ ಬರೆದಿದ್ದಾರೆ. (ಸಮಸ್ಥಾನಿ ಅಂದರೆ ಒಂದೇ ಧಾತುವಿನ, ನ್ಯೂಟ್ರಾನು ಮಾತ್ರ ಹೆಚ್ಚುಕಮ್ಮಿ ಇರುವ ಪರಮಾಣುಗಳು.) ಕ್ಲೋರಿನ್ನಿನ 35.45ಕ್ಕೆ ಆ ಮಾತು ಸರಿ. ಜಲಜನಕಕ್ಕೆ ಹೊಂದಲ್ಲ. ಸಮುದ್ರದ ನೀರಿನಲ್ಲಿ ಸುಮಾರು 6400 ಜಲಜನಕ ಪರಮಾಣುಗಳಿಗೆ ಒಂದೇ ಒಂದು ಡ್ಯುಟೀರಿಯಮ್. ನಮ್ಮದು ಶಿರಸಿ ಕಡೆ, ಅಡಿಕೆಯಲ್ಲೇ ಹೇಳಿದರೆ, 6400 ಅಡಿಕೆಯಲ್ಲಿ ಒಂದು ಮಾತ್ರ ದುಪ್ಪಟ್ಟು ತೂಕದ್ದು ಸೇರಿಕೊಂಡ ಹಾಗೆ. ಅದರಿಂದ ಸರಾಸರಿ ಏರುವುದು 0.00016ರಷ್ಟು. ಅಂದರೆ 1.007825 ಇದ್ದದ್ದು 1.00798 ಆಗುತ್ತದೆ, ಅಷ್ಟೇ. ಉಳಿದ ಹೆಚ್ಚಳವೆಲ್ಲ ಸಾದಾ ಜಲಜನಕದ್ದೇ! ಯಾಕೆಂದರೆ ಅಳತೆಗೋಲು ಕಾರ್ಬನ್-12ರದ್ದು. 1961ರಿಂದ ಅದನ್ನು ಸರಿಯಾಗಿ 12 ಅಂತ ಇಟ್ಟುಕೊಂಡು, ಅದರ ಹನ್ನೆರಡನೇ ಒಂದು ಭಾಗವನ್ನು ಒಂದು ಯು ಅಂತ ಕರೆಯುತ್ತಾರೆ. ಕಾರ್ಬನ್ನಿನಲ್ಲಿ ಹನ್ನೆರಡು ಕಣ ಒಟ್ಟಿಗೆ ಅಂಟಿಕೊಳ್ಳುವಾಗ ಒಂದಿಷ್ಟು ರಾಶಿ ಶಕ್ತಿಯಾಗಿ ಹೋಗಿದೆ. ಜಲಜನಕದ ಪ್ರೋಟಾನು ಒಂಟಿ, ಯಾರಿಗೂ ಅಂಟಿಕೊಂಡಿಲ್ಲ, ಏನೂ ಕಳೆದುಕೊಂಡಿಲ್ಲ. ಹಾಗಾಗಿ ತಕ್ಕಡಿಯಲ್ಲಿ ಒಂದಕ್ಕಿಂತ ಚೂರು ಜಾಸ್ತಿ.

ಎಣಿಕೆಯನ್ನೂ ತೂಕವನ್ನೂ ಒಂದೇ ಹೆಸರಿನಲ್ಲಿ ಕರೆಯಬಾರದು ಅನ್ನೋದಕ್ಕೆ ಟ್ರಿಷಿಯಮ್ಮೇ ಸಾಕ್ಷಿ. ಅದು ಅಸ್ಥಿರ, ಸುಮಾರು 12.3 ವರ್ಷದಲ್ಲಿ ಇದ್ದದ್ದರ ಅರ್ಧ ಹೀಲಿಯಮ್-3 ಆಗಿಬಿಡುತ್ತದೆ. ಮೊದಲೂ ಮೂರು ಕಣ, ಆಮೇಲೂ ಮೂರು ಕಣ. ಆದರೆ 3.016049 ಇದ್ದದ್ದು 3.016029ಕ್ಕೆ ಇಳಿಯುತ್ತದೆ.

ಈಗ ಪದಕ್ಕೆ ಬರೋಣ. ನಮ್ಮ ಕಡೆ ‘ರಾಶಿ’ ಅಂದರೆ ಬಹಳ. ರಾಶಿ ಮಳೆ, ರಾಶಿ ಚೆನ್ನಾಗಿತ್ತು. ಪೇಟೆಯಲ್ಲಿ ‘ರಾಶಿ’ ಅಂದರೆ ಅಡಿಕೆಯ ಒಂದು ಜಾತಿ, ಚಾಲಿ ಬೇರೆ, ರಾಶಿ ಬೇರೆ. ಬಯಲುಸೀಮೆಯವರಿಗೆ ಅದು ಕಣದಲ್ಲಿ ಹಾಕಿದ ಜೋಳದ ಗುಡ್ಡೆ. ಎಲ್ಲಿ ನೋಡಿದರೂ ರಾಶಿ ಅಂದರೆ ತುಂಬಾ ಇರುವುದು. ಅಂಥ ಪದವನ್ನು ತಂದು ಒಂದೇ ಒಂದು ಪರಮಾಣುವಿಗೆ ಕಟ್ಟಿದ್ದೇವೆ. ನಿಜವಾಗಿ ಗುಡ್ಡೆ ಹಾಕಿ ಸರಾಸರಿ ತೆಗೆದದ್ದಕ್ಕೆ ಹಳೇ ಪುಸ್ತಕಗಳು ‘ಪರಮಾಣು ತೂಕ’ ಅನ್ನುತ್ತವೆ. ಉಲ್ಟಾ ಆಯಿತಲ್ಲ?

‘ತೂಕ’ ಅಂದರೆ ಭೌತಶಾಸ್ತ್ರದ ಮೇಷ್ಟ್ರುಗಳು ಒಪ್ಪಲ್ಲ, ಚಂದ್ರನ ಮೇಲೆ ತೂಕ ಬದಲಾಗುತ್ತದೆ ಅಂತಾರೆ. ಸರಿ, ಆದರೆ ರಸಾಯನಶಾಸ್ತ್ರದವರು ಇಂಗ್ಲಿಷಿನಲ್ಲೂ ಆ ಸರಾಸರಿಗೆ ಇವತ್ತಿಗೂ ತೂಕ ಅಂತಲೇ ಹೇಳುತ್ತಾರೆ. ಅದೂ ಒಂದೇ ಅಂಕಿಯಾಗಿ ನಿಲ್ಲುವುದಿಲ್ಲ. 2009ರ ಪಟ್ಟಿಯಿಂದೀಚೆಗೆ ಜಲಜನಕಕ್ಕೆ 1.00784ರಿಂದ 1.00811 ಅಂತ ಒಂದು ಹರವನ್ನೇ ಕೊಡುತ್ತಾರೆ. ಸಮುದ್ರದ ನೀರಿನಲ್ಲಿ ಡ್ಯುಟೀರಿಯಮ್ ಹೆಚ್ಚು, ಧ್ರುವದ ಹಿಮದಲ್ಲಿ ಕಡಿಮೆ. ಯಾವ ಚೀಲದಿಂದ ತೆಗೆದ ಅಡಿಕೆ ಅನ್ನೋದರ ಮೇಲೆ ಸರಾಸರಿ ಬದಲಾಗುತ್ತದೆ.

ಉಳಿದ ಪದಗಳ ಮೇಲೆ ನನಗೆ ದೂರಿಲ್ಲ. ‘ಸಮಸ್ಥಾನಿ’ ಒಳ್ಳೇ ಪದ. 1913ರಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ ಐಸೋಟೋಪ್ ಅಂದದ್ದು ರಸಾಯನ ವಿಜ್ಞಾನಿ ಸಾಡಿ, ಆ ಪದ ಹೊಳೆದದ್ದು ಮಾರ್ಗರೆಟ್ ಟಾಡ್ ಎಂಬ ವೈದ್ಯೆಗೆ. ಗ್ರೀಕಿನಲ್ಲೂ ಅದರ ಅರ್ಥ ಅದೇ ಜಾಗದವರು ಅಂತ. (ಹುಡುಗಿ ಮಾತ್ರ ‘ಸಂಸ್ಥಾನಿ’ ಅಂತ ಓದಿ, ಮೈಸೂರಿಗೂ ಇದಕ್ಕೂ ಏನು ಸಂಬಂಧ ಅಂದಳು.) ಡ್ಯುಟೀರಿಯಮ್‌ನಿಂದಾದ ನೀರಿಗೆ ಹೇಳುವ ‘ಭಾರಜಲ’ವೂ ಸರಿ, ಲೀಟರಿಗೆ 1.1 ಕಿಲೋ ತೂಗುವ ನೀರಿಗೆ ಇನ್ನೇನು ಹೇಳೋದು. ನಮ್ಮ ಜಿಲ್ಲೆಯ ಕೈಗಾದ ರಿಯಾಕ್ಟರುಗಳಲ್ಲಿ ಇರುವುದು ಅದೇ ನೀರು. ಆದರೆ ಬೇಳೆ ಬೇಯದ ಬೋರ್‌ವೆಲ್ ನೀರಿಗೂ ಭಾರಜಲ ಅನ್ನುವವರನ್ನು ಕಂಡಿದ್ದೇನೆ. ಅದು ಗಡಸು ನೀರು ಮಾರಾಯ್ರೇ, ಅದಕ್ಕೂ ಡ್ಯುಟೀರಿಯಮ್‌ಗೂ ಏನೂ ಸಂಬಂಧ ಇಲ್ಲ.

ನನ್ನ ಪ್ರಶ್ನೆ ಇಷ್ಟು. ಮೂರನೆಯದಕ್ಕೆ ‘ಸರಾಸರಿ ಪರಮಾಣು ತೂಕ’, ಎರಡನೆಯದಕ್ಕೆ ‘ಪರಮಾಣು ದ್ರವ್ಯರಾಶಿ’ ಅಂತ ಪೂರ್ತಿ ಹೇಳಿದರೆ ನಡೆಯುತ್ತದೆ. ಮೊದಲನೆಯದಕ್ಕೆ, ಆ ಬರೀ ಎಣಿಕೆಗೆ, ‘ರಾಶಿಸಂಖ್ಯೆ’ ಬಿಟ್ಟು ಬೇರೆ ಏನಾದರೂ ಯಾರಾದರೂ ಬಳಸಿದ್ದೀರಾ? ನಾನು ‘ಕಣಸಂಖ್ಯೆ’ ಅಂದೆ. ಗದಗದ ಕಡೆಯ ಗೆಳೆಯ ತಕ್ಷಣ ಕೇಳಿದ, "ಎಷ್ಟನೇ ನಂಬರ್ ಕಣದಾಗ ರಾಶಿ ಮಾಡ್ತೀಯೋ?"