ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್: ಸಮವಸ್ತ್ರದ ಆಚೆಗಿನ ಬದುಕು

ಪ್ರಶ್ನೆ:
ಆಜಾದ್ ಹಿಂದ್ ಫೌಜಿನ ಮಹಿಳಾ ದಳವಾದ ಝಾನ್ಸಿ ರಾಣಿ ರೆಜಿಮೆಂಟನ್ನು ಮುನ್ನಡೆಸಿದ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರ ಮಾತು ಬಂದಾಗಲೆಲ್ಲ ಸುಭಾಷರ ಜೊತೆ ಸಮವಸ್ತ್ರದಲ್ಲಿರುವ ಚಿತ್ರವೊಂದೇ ಮುಂದೆ ಬರುತ್ತದೆ. ವೈದ್ಯೆಯಾಗಿದ್ದವರು ಸೇನೆಗೆ ಬಂದದ್ದು ಹೇಗೆ, ಯುದ್ಧದ ನಂತರ ಏನು ಮಾಡಿದರು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
1914ರಲ್ಲಿ ಮದರಾಸಿನಲ್ಲಿ ಹುಟ್ಟಿ, 1938ರಲ್ಲಿ ಅಲ್ಲಿಯೇ ವೈದ್ಯಕೀಯ ಪದವಿ ಪಡೆದ ಅವರು 1940ರಲ್ಲಿ ಸಿಂಗಪುರಕ್ಕೆ ತೆರಳಿ, ಬಡ ವಲಸೆ ಕಾರ್ಮಿಕರಿಗೆ ಚಿಕಿತ್ಸೆ ನೀಡುತ್ತಿದ್ದರು. 1943ರಲ್ಲಿ ಸುಭಾಷ್ ಚಂದ್ರ ಬೋಸ್ ಮಹಿಳಾ ದಳದ ಯೋಜನೆಯನ್ನು ಮುಂದಿಟ್ಟಾಗ ಅದರ ಹೊಣೆ ಹೊತ್ತರು. ದಳ ಸೇರಿದವರಲ್ಲಿ ಅನೇಕರು ಮಲಯದ (ಇಂದಿನ ಮಲೇಷ್ಯಾದ) ರಬ್ಬರ್ ತೋಟಗಳ ತಮಿಳು ಕುಟುಂಬಗಳ ಹೆಣ್ಣುಮಕ್ಕಳು. ಭಾರತವನ್ನು ಕಣ್ಣಾರೆ ಕಾಣದೆಯೇ ಅದರ ಬಿಡುಗಡೆಗಾಗಿ ಬಂದೂಕು ಹಿಡಿದವರೂ ಅವರಲ್ಲಿದ್ದರು. ನಾಯಕಿಯನ್ನು ನೆನೆಯುವಾಗ ಇವರನ್ನು ಮರೆಯುವುದು ನನಗಂತೂ ಸರಿ ಕಾಣುವುದಿಲ್ಲ. 1945ರಲ್ಲಿ ಬರ್ಮಾದಲ್ಲಿ ಬ್ರಿಟಿಷರು ಲಕ್ಷ್ಮಿಯವರನ್ನು ಬಂಧಿಸಿ, ಮರುವರ್ಷ ಭಾರತಕ್ಕೆ ಕಳುಹಿಸಿದರು.

ಉತ್ತರ 2:
1947ರಲ್ಲಿ ಅದೇ ಸೇನೆಯ ಪ್ರೇಮ್ ಕುಮಾರ್ ಸೆಹಗಲ್ ಅವರನ್ನು ಮದುವೆಯಾಗಿ ಕಾನ್ಪುರದಲ್ಲಿ ನೆಲೆಸಿದ ಅವರು, ದೇಶವಿಭಜನೆಯಲ್ಲಿ ನಿರಾಶ್ರಿತರಾಗಿ ಬಂದವರಿಗೆ ಚಿಕಿತ್ಸೆ ನೀಡಿದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು, 1984ರ ಅನಿಲ ದುರಂತದ ಬಳಿಕ ವೈದ್ಯರ ತಂಡದೊಂದಿಗೆ ಭೋಪಾಲಿಗೆ ಹೋದರು. ತೊಂಬತ್ತು ದಾಟಿದ ಮೇಲೂ ತಮ್ಮ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಸೇನೆಯಲ್ಲಿ ಕಳೆದ ಎರಡು ವರ್ಷಗಳಿಗಿಂತ ಈ ಆರು ದಶಕಗಳೇ ದೊಡ್ಡವೆಂದು ನನ್ನ ಅಭಿಪ್ರಾಯ.

ಉತ್ತರ 3:
1998ರಲ್ಲಿ ಅವರಿಗೆ ಪದ್ಮವಿಭೂಷಣ ಸಂದಿತು. 2002ರಲ್ಲಿ ಎಡಪಕ್ಷಗಳ ಅಭ್ಯರ್ಥಿಯಾಗಿ ಅಬ್ದುಲ್ ಕಲಾಂ ಅವರ ಎದುರು ರಾಷ್ಟ್ರಪತಿ ಚುನಾವಣೆಗೆ ನಿಂತು ಸೋತರು. 2012ರ ಜುಲೈ 23ರಂದು ಕಾನ್ಪುರದಲ್ಲಿ ನಿಧನರಾದಾಗ, ಅವರ ಇಚ್ಛೆಯಂತೆ ದೇಹವನ್ನು ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು.